ಏಳನೇ ತಿಂಗಳು, ಏಳನೇ ತಾರೀಖು, ಏಳು ಗಂಟೆ

ನಾನು ಹಾಸನ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಿ.ಟಿ. ಟೀಚರ್ ಆಗಿದ್ದೆ. ಅಷ್ಟೂ ವರ್ಷ ಕುತ್ತಿಗೆಯಲ್ಲಿ ಒಂದು ಸೀಟಿ, ಕೈಯಲ್ಲಿ ಒಂದು ಸ್ಟಾಪ್‌ವಾಚ್. ನಿವೃತ್ತಿಯಾದ ಮೇಲೆ ಲಂಡನ್ನಿನಲ್ಲಿರುವ ಮಗ, "ಬಾ ಅಮ್ಮ, ಎಲ್ಲಿಗೆ ಹೋಗಬೇಕು ಹೇಳು, ಕರ್ಕೊಂಡು ಹೋಗ್ತೀನಿ" ಅಂದ. ಅವನು ಅರಮನೆ, ಮೇಣದ ಗೊಂಬೆ ಅಂದುಕೊಂಡಿದ್ದ. ನಾನು ಒಂದು ಹೆಸರು ಹೇಳಿದೆ: ಹೆರಾಲ್ಡ್ ಅಬ್ರಹಾಮ್ಸ್.

ಬಿ.ಪಿ.ಎಡ್. ಓದುವಾಗ ಒಲಿಂಪಿಕ್ಸ್‌ನ 100 ಮೀಟರ್ ಗೆದ್ದವರ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆವು. ಬಹುಪಾಲು ಅಮೆರಿಕದವರೇ. ನಡುವೆ 1924ರ ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ಹುಡುಗ. ಯುರೋಪಿನಿಂದ ಆ ಓಟ ಗೆದ್ದ ಮೊದಲನೆಯವನು. ಪ್ಯಾರಿಸ್ಸಿನಲ್ಲಿ ಅವನು ಓಡಿದ್ದು ಜುಲೈ 7ರ ಸಂಜೆ ಏಳು ಗಂಟೆಗೆ, ಸೋಮವಾರ. 2025ರ ಜುಲೈ 7 ಕೂಡ ಸೋಮವಾರವೇ. ಟಿಕೆಟ್ ಮಾಡಿಸುವಾಗಲೇ ಮಗನಿಗೆ ಹೇಳಿಬಿಟ್ಟೆ, ಆ ದಿನ ಆ ಹೊತ್ತಿಗೆ ನಾನು ಅಲ್ಲಿ ನಿಂತಿರಬೇಕು ಅಂತ.

ಈ ಬರಹದಲ್ಲಿ ಅವನನ್ನು ಏಕವಚನದಲ್ಲೇ ಕರೆಯುತ್ತೇನೆ. ನನ್ನ ಕಣ್ಣಿಗೆ ಅವನು ಸ್ಪೈಕ್ಸ್ ಹಾಕಿಕೊಂಡು ನಿಂತ 24 ವರ್ಷದ ಹುಡುಗ.

ಜುಲೈ 3, ಗುರುವಾರ: ಗೋಲ್ಡರ್ಸ್ ಗ್ರೀನ್

ನಾರ್ದರ್ನ್ ಲೈನ್ ಮೆಟ್ರೊದಲ್ಲಿ ಉತ್ತರ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ಗೆ ಹೋದೆವು. ಹಿಂದಿನಿಂದಲೂ ಯಹೂದಿಗಳು ಜಾಸ್ತಿ ಇರುವ ಪ್ರದೇಶ. ಬೇಕರಿಗಳ ಬೋರ್ಡಿನ ಮೇಲೆ ಹೀಬ್ರೂ ಅಕ್ಷರ. ಹಾಡ್‌ಫರ್ಡ್ ರೋಡಿನಲ್ಲಿ ಒಂದು ಮನೆಯ ಗೋಡೆಗೆ ನೀಲಿ ಬಣ್ಣದ ದುಂಡನೆಯ ಫಲಕ ಇದೆ. ಪ್ಯಾರಿಸ್ಸಿಗೆ ಹೋಗುವ ಮುಂಚೆ, ಹೋಗಿ ಬಂದ ಮೇಲೆ, ಹೆರಾಲ್ಡ್ ವಾಸವಿದ್ದ ಮನೆ. ಯಾರೋ ಸಂಸಾರ ಮಾಡಿಕೊಂಡಿದ್ದಾರೆ, ಒಳಗೆ ಹೋಗುವ ಹಾಗಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆವು.

ಅವನು ಹುಟ್ಟಿದ್ದು 1899ರ ಡಿಸೆಂಬರ್ 15ರಂದು, ಬೆಡ್‌ಫರ್ಡ್ ಊರಿನಲ್ಲಿ. ಅಪ್ಪ ಐಸಾಕ್, ಆಗ ರಷ್ಯಾದ ಕೈಯಲ್ಲಿದ್ದ ಪೋಲೆಂಡ್-ಲಿಥುವೇನಿಯಾ ಕಡೆಯಿಂದ ವಲಸೆ ಬಂದು ಲೇವಾದೇವಿ ಮಾಡಿ ಮೇಲೆ ಬಂದವರು. ಅಮ್ಮ ಎಸ್ತರ್, ವೇಲ್ಸ್ ಕಡೆಯ ಯಹೂದಿ ಹೆಣ್ಣುಮಗಳು. ಮನೆಯಲ್ಲಿ ಹೆರಾಲ್ಡ್ ಕೊನೆಯವನು. ದೊಡ್ಡಣ್ಣ ಅಡಾಲ್ಫ್ ಹೆಸರಾಂತ ಡಾಕ್ಟರ್. ಆಟಗಾರರ ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ಬ್ರಿಟನ್ನಿನಲ್ಲಿ ಮೊದಮೊದಲು ಅಭ್ಯಾಸ ಮಾಡಿದವರಲ್ಲಿ ಒಬ್ಬರು. ಇನ್ನೊಬ್ಬ ಅಣ್ಣ ಸಿಡ್ನಿ, 1906ರ ಅಥೆನ್ಸ್ ಕ್ರೀಡಾಕೂಟ ಮತ್ತು 1912ರ ಒಲಿಂಪಿಕ್ಸ್‌ನ ಉದ್ದ ಜಿಗಿತದಲ್ಲಿ ಭಾಗವಹಿಸಿದ್ದರು, ಆಮೇಲೆ ಸಿಲೋನಿನ ಮುಖ್ಯ ನ್ಯಾಯಾಧೀಶರಾದರು.

ಇಂಥ ಮನೆಯ ಕಿರಿಯ ಮಗ ಏನು ಮಾಡಬೇಕು ಹೇಳಿ. ಅಣ್ಣಂದಿರ ಹೆಸರು ಒಂದು ಕಡೆ. ಬೋರ್ಡಿಂಗ್ ಶಾಲೆಯಲ್ಲಿ "ನೀನು ನಮ್ಮವನಲ್ಲ" ಅನ್ನುವ ನೋಟ ಇನ್ನೊಂದು ಕಡೆ. ಇಂಥ ಮಕ್ಕಳನ್ನು ನಾನು ನೋಡಿದ್ದೇನೆ. ಪಂಕ್ತಿಯಲ್ಲಿ ದೂರ ಕೂರಿಸಿದ ಮಗು ಮೈದಾನಕ್ಕೆ ಬಂದಾಗ ಅದರ ಓಟವೇ ಬೇರೆ ಇರುತ್ತದೆ.

ಜುಲೈ 4, ಶುಕ್ರವಾರ: ಕೇಂಬ್ರಿಡ್ಜ್

ಕಿಂಗ್ಸ್ ಕ್ರಾಸ್‌ನಿಂದ ಒಂದು ಗಂಟೆಯ ಒಳಗೇ ಕೇಂಬ್ರಿಡ್ಜ್. 1919ರಲ್ಲಿ ಹೆರಾಲ್ಡ್ ಕಾನೂನು ಓದಲು ಸೇರಿದ ಕಾಲೇಜಿನ ಹೆಸರು ಗಾನ್ವಿಲ್ ಅಂಡ್ ಕೀಸ್. ಇಂಗ್ಲಿಷಿನಲ್ಲಿ ಬರೆಯುವುದೊಂದು, ಹೇಳುವುದೊಂದು. ನಾನು ಬೋರ್ಡ್ ನೋಡಿ "ಕೈಯಸ್" ಅಂದೆ, ಮಗ ತಿದ್ದಿದ. ಆ ಕಾಲೇಜಿಗೆ ಮೂರು ಬಾಗಿಲು. ಮೊದಲನೆಯದಕ್ಕೆ ವಿನಯ, ಎರಡನೆಯದಕ್ಕೆ ಸದ್ಗುಣ, ಮೂರನೆಯದಕ್ಕೆ ಗೌರವ ಅಂತ ಹೆಸರು. ಪದವಿ ಪಡೆಯುವ ದಿನ ಹುಡುಗರು ಗೌರವದ ಬಾಗಿಲಿನಿಂದ ಆಚೆ ಹೋಗುತ್ತಾರೆ. ನೋಡಿದರೆ ಎಷ್ಟು ಸಣ್ಣ ಬಾಗಿಲು ಅಂತೀರಿ!

ಮಗ ನನ್ನನ್ನು ಟ್ರಿನಿಟಿ ಕಾಲೇಜಿನ ದೊಡ್ಡ ಅಂಗಳದ ಹತ್ತಿರ ಕರೆದುಕೊಂಡು ಹೋದ. ಅಲ್ಲಿನ ಗಡಿಯಾರ ಹನ್ನೆರಡನ್ನು ಎರಡು ಸಲ ಹೊಡೆಯುತ್ತದೆ, ಒಟ್ಟು 24 ಪೆಟ್ಟು. ಅಷ್ಟರೊಳಗೆ ಅಂಗಳವನ್ನು ಒಂದು ಸುತ್ತು ಓಡಿ ಮುಗಿಸಬೇಕು ಅನ್ನುವುದು ಹಳೇ ಪಂದ್ಯ. 1981ರಲ್ಲಿ ಬಂದ ಒಂದು ಸಿನಿಮಾದಲ್ಲಿ ಹೆರಾಲ್ಡ್ ಅದನ್ನು ಓಡಿದ ಹಾಗೆ ತೋರಿಸಿದ್ದಾರೆ. ನಿಜವಾಗಿ ಓಡಿ ಗೆದ್ದದ್ದು ಲಾರ್ಡ್ ಬರ್ಲಿ, 1927ರಲ್ಲಿ. ಅಷ್ಟು ಹೊತ್ತಿಗೆ ಹೆರಾಲ್ಡ್ ಓಟ ಬಿಟ್ಟು ಎರಡು ವರ್ಷವಾಗಿತ್ತು. ಮಗನಿಗೆ ಸ್ವಲ್ಪ ಬೇಜಾರಾಯಿತು, ಆ ದೃಶ್ಯ ಅವನಿಗೆ ತುಂಬಾ ಇಷ್ಟ. ನನಗೆ ಮಾತ್ರ ನಿಜವಾದ ಹೆರಾಲ್ಡ್ ಸಾಕು.

ನಿಜವಾದ ಹೆರಾಲ್ಡ್ ಓಡಿದ್ದು ಫೆನ್ನರ್ಸ್ ಮೈದಾನದಲ್ಲಿ. ಈಗ ಅದು ಕ್ರಿಕೆಟ್ ಮೈದಾನ. ನಮ್ಮ ರಣಜಿತ್ ಸಿಂಗ್‌ಜಿ ವಿದ್ಯಾರ್ಥಿಯಾಗಿದ್ದಾಗ ಆಡಿದ್ದೂ ಇಲ್ಲೇ. ಬೇಲಿಯ ಪಕ್ಕದ ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು.

ಅಲ್ಲಿ ಕೂತು ಮಗನಿಗೆ ಅಮೆಚೂರ್ ಅಂದ್ರೆ ಏನು ಅಂತ ಹೇಳಿದೆ. ಆ ಕಾಲದಲ್ಲಿ ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಓಟದಿಂದ ಒಂದು ಕಾಸೂ ಸಂಪಾದಿಸಿರಬಾರದು. ಅದು ನಿಯಮ. ಬರೆಯದ ನಿಯಮ ಇನ್ನೊಂದಿತ್ತು. ದೊಡ್ಡ ಮನೆಯ ಹುಡುಗರು ಕಷ್ಟಪಟ್ಟು ಅಭ್ಯಾಸ ಮಾಡಿದ ಹಾಗೆ ಕಾಣಬಾರದು. ಸುಮ್ನೆ ಬಂದು, ಕೋಟು ಬಿಚ್ಚಿ, ಓಡಿ, ಗೆದ್ದು, ಚಹಾ ಕುಡಿಯಲು ಹೋಗಬೇಕು. ದುಡ್ಡು ಕೊಟ್ಟು ಕೋಚ್ ಇಟ್ಟುಕೊಂಡರೆ ಅಂತಸ್ತಿಗೆ ಕಡಿಮೆ. ಹೆರಾಲ್ಡ್ ಇದನ್ನು ಮುರಿದ. ತನ್ನ ಜೇಬಿನಿಂದ ಹಣ ಕೊಟ್ಟು ಒಬ್ಬ ಮೇಷ್ಟ್ರನ್ನು ಹಿಡಿದ. ಅವನು ಗೆದ್ದದ್ದಕ್ಕಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ. ಓಟವೂ ಒಂದು ಕಸುಬು, ಅದನ್ನು ಕಲಿಯಬೇಕು, ಕಲಿಸುವವರು ಬೇಕು ಅಂತ ಅವನಿಗೆ ಗೊತ್ತಿತ್ತು.

ಜುಲೈ 5, ಶನಿವಾರ: ಮುಸಾಬಿನಿ ಮೇಷ್ಟ್ರ ಮನೆ

ಇಡೀ ಪ್ರವಾಸದಲ್ಲಿ ಜುಲೈ 7 ಬಿಟ್ಟರೆ ನಾನು ಕಾದಿದ್ದ ದಿನ ಇದೇ. ದಕ್ಷಿಣ ಲಂಡನ್ನಿನ ಹರ್ನ್ ಹಿಲ್ ಸ್ಟೇಷನ್ನಿನಲ್ಲಿ ಇಳಿದು ಬರ್ಬೇಜ್ ರೋಡಿನಲ್ಲಿ ನಡೆದೆವು. ದೊಡ್ಡ ದೊಡ್ಡ ಮರಗಳು, ಸಾಲು ಮನೆಗಳು. 84ನೇ ನಂಬರಿನ ಮನೆಗೂ ನೀಲಿ ಫಲಕ. ಹೆರಾಲ್ಡ್ ಹಣ ಕೊಟ್ಟು ಹಿಡಿದ ಮೇಷ್ಟ್ರು ಸ್ಯಾಮ್ ಮುಸಾಬಿನಿ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಇಲ್ಲಿ ಇದ್ದರು. ಫಲಕ ಹಾಕಿದ್ದು 2012ರಲ್ಲಿ, ಲಂಡನ್ ಒಲಿಂಪಿಕ್ಸ್ ವರ್ಷದಲ್ಲಿ. ಮೇಷ್ಟ್ರು ತೀರಿಕೊಂಡದ್ದು 1927ರಲ್ಲಿ. ಒಂದು ಫಲಕಕ್ಕೆ 85 ವರ್ಷ ಕಾಯಬೇಕಾಯಿತು.

ಮನೆಯ ಹಿಂದೆಯೇ ಸೈಕಲ್ ರೇಸಿನ ಟ್ರ್ಯಾಕ್, 1891ರದ್ದು. 1948ರ ಒಲಿಂಪಿಕ್ಸ್‌ನ ಸೈಕಲ್ ಪಂದ್ಯಗಳು ಅಲ್ಲೇ ನಡೆದವು. ಶನಿವಾರವಾದ್ದರಿಂದ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಸುತ್ತು ಹೊಡೆಯುತ್ತಿದ್ದರು. ಮುಸಾಬಿನಿಯವರೂ ಮೊದಲು ಕಲಿಸಿದ್ದು ಸೈಕಲ್ ಸವಾರರಿಗೇ. ಬಿಲಿಯರ್ಡ್ಸ್ ಬಗ್ಗೆಯೂ ಬರೆಯುತ್ತಿದ್ದರು. ಲಂಡನ್ನಿನಲ್ಲೇ ಹುಟ್ಟಿದವರು, ಆದರೆ ಮೈಯಲ್ಲಿ ಸಿರಿಯಾ, ತುರ್ಕಿ, ಇಟಲಿ, ಫ್ರಾನ್ಸ್ ಎಲ್ಲಾ ಕಡೆಯ ರಕ್ತ. ಅವರ ಕೈಯಲ್ಲಿ ಪಳಗಿದವರ ಪಟ್ಟಿ ನೋಡಿ. 1908ರಲ್ಲಿ 100 ಮೀಟರ್ ಗೆದ್ದ ದಕ್ಷಿಣ ಆಫ್ರಿಕಾದ ರೆಗ್ಗಿ ವಾಕರ್. 1920ರಲ್ಲಿ 800 ಮತ್ತು 1500 ಮೀಟರ್ ಎರಡನ್ನೂ ಗೆದ್ದ ಆಲ್ಬರ್ಟ್ ಹಿಲ್. ಆಮೇಲೆ ಹೆರಾಲ್ಡ್.

ಹೆರಾಲ್ಡ್ 1920ರಲ್ಲೂ ಒಲಿಂಪಿಕ್ಸ್‌ಗೆ ಹೋಗಿದ್ದ, ಆಂಟ್‌ವರ್ಪ್‌ಗೆ. 100 ಮೀಟರ್‌ನಲ್ಲಿ ಕ್ವಾರ್ಟರ್ ಫೈನಲ್ ದಾಟಲಿಲ್ಲ. ಅದೇ ಕೂಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೇ ಸ್ಥಾನ ಪಡೆದರು. ಫಡೆಪ್ಪ ಅವರ ಹೆಸರು ನಮ್ಮ ಎಷ್ಟು ಶಾಲೆಯ ಮಕ್ಕಳಿಗೆ ಗೊತ್ತು? ನಾನು ಪ್ರತಿ ವರ್ಷ ಕ್ರೀಡಾ ದಿನದಂದು ಹೇಳುತ್ತಿದ್ದೆ.

ಸೋತು ಬಂದ ಮೇಲೆ, ಪ್ಯಾರಿಸ್ಸಿಗೆ ಮುಂಚಿನ ತಿಂಗಳುಗಳಲ್ಲಿ, ಮುಸಾಬಿನಿ ಮೇಷ್ಟ್ರು ಹೆರಾಲ್ಡನ ಓಟವನ್ನು ಬಿಚ್ಚಿ ಮತ್ತೆ ಕಟ್ಟಿದರು. ಹೆಜ್ಜೆ ಸ್ವಲ್ಪ ಚಿಕ್ಕದು ಮಾಡು ಅಂದರು. ಕೈ ಕೆಳಗಿಟ್ಟುಕೊಂಡು ಬೀಸು ಅಂದರು. ಕೊನೆಯಲ್ಲಿ ಎದೆಯನ್ನು ಟೇಪಿಗೆ ಒಡ್ಡುವುದನ್ನು ಮತ್ತೆ ಮತ್ತೆ ಮಾಡಿಸಿದರು. ಎಲ್ಲಕ್ಕಿಂತ ಜಾಸ್ತಿ ತಿದ್ದಿದ್ದು ಶುರುವಿನ ಹೆಜ್ಜೆಗಳನ್ನು. ಆಗ ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ. ಇದ್ದಿಲ ಪುಡಿಯಂಥ ಕಪ್ಪು ಟ್ರ್ಯಾಕಿನಲ್ಲಿ ಚಿಕ್ಕ ಸಲಿಕೆಯಿಂದ ಕಾಲಿಗೆ ಎರಡು ಗುಂಡಿ ತೋಡಿಕೊಳ್ಳಬೇಕು. ಒಲಿಂಪಿಕ್ಸ್‌ಗೆ ಬ್ಲಾಕ್ ಬಂದದ್ದು 1948ರಲ್ಲಿ.

ನಮ್ಮ ಹಳ್ಳಿ ಶಾಲೆಗಳಿಗೆ ಅದೂ ಬರಲಿಲ್ಲ! ತಾಲ್ಲೂಕು ಕ್ರೀಡಾಕೂಟದಲ್ಲಿ ಮಕ್ಕಳು ಕೆಂಪು ಮಣ್ಣಿನಲ್ಲಿ ಕಾಲ ಹೆಬ್ಬೆರಳಿಂದ ಗುಂಡಿ ತೋಡುತ್ತಿದ್ದರು. ನಾನೇ ಮನೆಯಿಂದ ಕಳೆ ಕೀಳುವ ಕುರ್ಚಿಗೆ ತಂದುಕೊಟ್ಟಿದ್ದೇನೆ. ಸುಣ್ಣದ ಗೆರೆಯಿಂದ ಮುಂದಿನ ಗುಂಡಿಗೆ ಎಷ್ಟು ಗೇಣು, ಅಲ್ಲಿಂದ ಹಿಂದಿನದಕ್ಕೆ ಎಷ್ಟು ಗೇಣು, ಪ್ರತಿ ಮಗುವಿನದ್ದೂ ನನ್ನ ಪುಸ್ತಕದಲ್ಲಿ ಬರೆದಿರುತ್ತಿತ್ತು. ಆ ಮನೆಯ ಮುಂದೆ ನಿಂತಾಗ ಮುಸಾಬಿನಿಯವರು ನನಗೆ ಬೇರೆ ದೇಶದವರು ಅನ್ನಿಸಲೇ ಇಲ್ಲ.

ಜುಲೈ 6, ಭಾನುವಾರ: ಪ್ಯಾರಿಸ್ಸಿಗೆ

ಸೇಂಟ್ ಪ್ಯಾಂಕ್ರಸ್‌ನಿಂದ ಯೂರೋಸ್ಟಾರ್ ರೈಲು, ಎರಡೂಕಾಲು ಗಂಟೆ ಚಿಲ್ಲರೆ. ಸಮುದ್ರದ ಕೆಳಗೆ ಹೋಗುವಾಗ ಕಿಟಕಿಯ ಆಚೆ ಬರೀ ಕತ್ತಲು. 1924ರ ಜುಲೈ 6 ಕೂಡ ಭಾನುವಾರವೇ. ಆ ದಿನ 100 ಮೀಟರ್‌ನ ಮೊದಲ ಸುತ್ತುಗಳು ನಡೆದವು. ಭಾನುವಾರ ದೇವರ ದಿನ, ಓಡುವುದಿಲ್ಲ ಅಂತ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಆ ಓಟದಿಂದ ಹೊರಗುಳಿದಿದ್ದರು. ತಿಂಗಳುಗಳ ಮುಂಚೆಯೇ ಹೇಳಿದ್ದರು. 1923ರಲ್ಲಿ 100 ಗಜವನ್ನು 9.7 ಸೆಕೆಂಡಿನಲ್ಲಿ ಓಡಿದ್ದವರು ಅವರು. ಆಮೇಲೆ ಅದೇ ಪ್ಯಾರಿಸ್ಸಿನಲ್ಲಿ 400 ಮೀಟರ್ ಗೆದ್ದರು. "ಲಿಡೆಲ್ ಇದ್ದಿದ್ದರೆ ಹೆರಾಲ್ಡ್ ಗೆಲ್ಲುತ್ತಿದ್ದನಾ?" ಮಗ ಕೇಳಿದ. ಗೆರೆಯ ಮೇಲೆ ಬಂದು ನಿಂತವರ ಲೆಕ್ಕ ಅಷ್ಟೇ ನನಗೆ ಗೊತ್ತು ಅಂದೆ.

ಹೋಟೆಲ್ ಸೇರಿ ಬೇಗ ಮಲಗಿದೆ.

ಜುಲೈ 7, ಸೋಮವಾರ: ಕೊಲೊಂಬ್

ಸ್ಟೇಡಿಯಂ ಇರುವುದು ಪ್ಯಾರಿಸ್ಸಿನ ಪಕ್ಕದ ಕೊಲೊಂಬ್ ಊರಿನಲ್ಲಿ. ಸೇಂಟ್ ಲಜಾರ್ ಸ್ಟೇಷನ್ನಿನಿಂದ ಲೋಕಲ್ ರೈಲು. ಇಳಿಯುವ ನಿಲ್ದಾಣದ ಹೆಸರೇ 'ಲ ಸ್ತಾದ್', ಅಂದ್ರೆ ಸ್ಟೇಡಿಯಂ. ಐದೂವರೆಗೇ ತಲುಪಿದ್ದೆವು. ಮೊದಲು ಇಲ್ಲಿ ಕುದುರೆ ರೇಸ್ ನಡೆಯುತ್ತಿತ್ತಂತೆ. 1924ಕ್ಕೆ ಅಂತ 500 ಮೀಟರ್‌ನ ಟ್ರ್ಯಾಕ್ ಮಾಡಿದರು. 1938ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಇಲ್ಲೇ. ವಿಮಾನ ಅಪಘಾತದಲ್ಲಿ ತೀರಿಕೊಂಡ ರಗ್ಬಿ ಆಟಗಾರ ಈವ್ ದು ಮನ್ವಾರ್ ಹೆಸರನ್ನು ಆಮೇಲೆ ಇಟ್ಟರು. ನಮಗೂ ಈ ಜಾಗ ಹೊಸದಲ್ಲ. 2024ರ ಆಗಸ್ಟ್ 8ರಂದು ನಮ್ಮ ಹಾಕಿ ತಂಡ ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ಗೆದ್ದದ್ದು ಇದೇ ಅಂಗಳದಲ್ಲಿ. ಶ್ರೀಜೇಶ್ ಗೋಲ್ ಪೋಸ್ಟ್ ಮೇಲೆ ಹತ್ತಿ ಕೂತ ಆ ಫೋಟೊ ನೋಡಿದ್ದೀರಿ ಅಲ್ವಾ?

ನಾವು ಹೋದಾಗ ಗೇಟು ಹಾಕಿತ್ತು. ಬೇಸಿಗೆ ರಜೆ ಶುರುವಾಗಿತ್ತು. ಮಗ ಫ್ರೆಂಚ್ ಪದ ಹುಡುಕಿ ಹುಡುಕಿ ಕಾವಲಿನವರ ಹತ್ತಿರ ಮಾತಾಡಿದ. ಅವರು ನಯವಾಗಿಯೇ ಆಗುವುದಿಲ್ಲ ಅಂದರು. ಮಗನ ಮುಖ ಸಣ್ಣದಾಯಿತು. "ಇಷ್ಟು ದೂರ ಬಂದು ಹೊರಗೆ ನಿಲ್ಲಬೇಕಾಯ್ತಲ್ಲ ಅಮ್ಮ."

ನನಗೆ ಆಗ ಹೊಳೆದದ್ದು ಮುಸಾಬಿನಿ ಮೇಷ್ಟ್ರು. ಅವರು ಸಂಬಳಕ್ಕೆ ಕಲಿಸುವ ಕೋಚ್. ಬ್ರಿಟಿಷ್ ತಂಡದಲ್ಲಿ ಅವರಿಗೆ ಜಾಗ ಇರಲಿಲ್ಲ. ಫೈನಲ್ ದಿನ ಅವರು ಸ್ಟೇಡಿಯಂ ಹತ್ತಿರದ ಒಂದು ಹೋಟೆಲ್ ರೂಮಿನಲ್ಲಿದ್ದರು. ಓಟ ಕಾಣಲಿಲ್ಲ. ಬ್ರಿಟನ್ನಿನ ರಾಷ್ಟ್ರಗೀತೆ ಕೇಳಿಸಿದಾಗಲೇ ಗೊತ್ತಾಯಿತಂತೆ. ಸಂತೋಷಕ್ಕೆ ತಮ್ಮ ಹುಲ್ಲಿನ ಟೋಪಿಗೆ ಗುದ್ದಿ ತೂತು ಮಾಡಿಬಿಟ್ಟರು ಅಂತ ಹೇಳುತ್ತಾರೆ.

ನಾನೂ ಹೀಗೆ ಹೊರಗೆ ನಿಂತಿದ್ದೇನೆ. 1994ರಲ್ಲಿ ನನ್ನ ಶಾಲೆಯ ಹುಡುಗಿಯೊಬ್ಬಳು 200 ಮೀಟರ್‌ನಲ್ಲಿ ರಾಜ್ಯ ಮಟ್ಟಕ್ಕೆ ಹೋದಳು. ಮೂರು ವರ್ಷ ಬೆಳಗ್ಗೆ ಐದೂವರೆಗೆ ಎಬ್ಬಿಸಿ ಓಡಿಸಿದ್ದೆ. ಜೊತೆಗೆ ಹೋಗಲು ನನಗೆ ಅನುಮತಿ ಸಿಗಲಿಲ್ಲ, ಬೇರೆಯವರನ್ನು ಕಳಿಸಿದರು. ಆ ಸಂಜೆ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಒಂದೂವರೆ ಗಂಟೆ ಕೂತಿದ್ದೆ. ಫೋನ್ ಬಂತು. "ಮಿಸ್, ಎರಡನೇದು ಬಂದೆ ಮಿಸ್" ಅಂದಳು. ಬೂತಿನವರು ನನಗೆ ನೀರು ತಂದುಕೊಟ್ಟರು. ಆ ಓಟವನ್ನು ನಾನು ಇವತ್ತಿಗೂ ನೋಡಿಲ್ಲ. ಆದರೆ ಅವಳ ಪ್ರತಿ ಹೆಜ್ಜೆ ನನಗೆ ಗೊತ್ತು.

ಮಗನಿಗೆ ಇದನ್ನು ಮೊದಲ ಸಲ ಹೇಳಿದೆ. ಅವನು ಏನೂ ಮಾತಾಡದೆ ನನ್ನ ಚೀಲ ಇಸ್ಕೊಂಡ.

ಸ್ಟೇಡಿಯಂ ಗೋಡೆಯ ಉದ್ದಕ್ಕೂ ನಡೆದೆವು. ಎದುರಿನ ಕಟ್ಟಡಗಳ ಕಿಟಕಿಗಳನ್ನು ನೋಡುತ್ತಾ ಹೋದೆ, ಇಂಥದ್ದೇ ಒಂದು ಕಿಟಕಿ ಇದ್ದಿರಬೇಕು. ನನ್ನ ನಡಿಗೆಯಲ್ಲಿ 145 ಹೆಜ್ಜೆಗೆ 100 ಮೀಟರ್. ಎಷ್ಟೋ ಮೈದಾನ ಹಾಗೇ ಅಳೆದಿದ್ದೇನೆ. ಫುಟ್‌ಪಾತಿನ ಮೇಲೆ 145 ಹೆಜ್ಜೆ ಎಣಿಸಿ, ಮಗನನ್ನು ಆ ತುದಿಗೆ ನಿಲ್ಲಿಸಿ, ವಾಪಸ್ ಬಂದೆ. ಏಳಕ್ಕೆ ಇನ್ನೂ ಐದು ನಿಮಿಷ. ಬಿಸಿಲು ಕಾಲದ ಬೆಳಕು, ಮಧ್ಯಾಹ್ನ ನಾಲ್ಕು ಗಂಟೆಯ ಹಾಗಿತ್ತು.

ಅವತ್ತಿನ ಸೆಮಿಫೈನಲ್‌ನಲ್ಲಿ ಹೆರಾಲ್ಡ್ ಶುರುವಿನಲ್ಲೇ ಹಿಂದೆ ಬಿದ್ದಿದ್ದ. ಆದರೂ ಹಿಡಿದು ಗೆದ್ದ. ಫೈನಲ್‌ಗೆ ಆರು ಜನ. ನಾಲ್ವರು ಅಮೆರಿಕದವರು: ಹಿಂದಿನ ಸಲ ಚಿನ್ನ ಗೆದ್ದ ಚಾರ್ಲಿ ಪ್ಯಾಡಕ್, ಜಾಕ್ಸನ್ ಶೋಲ್ಜ್, ಬೋಮನ್, ಮರ್ಚಿಸನ್. ಐದನೆಯವನು ನ್ಯೂಜಿಲೆಂಡಿನ ಆರ್ಥರ್ ಪೊರಿಟ್. ಗುಂಡಿನ ಸದ್ದು, ಆ ತುದಿಯ ಟೇಪು, ಈ ಎರಡನ್ನು ಬಿಟ್ಟು ತಲೆಯಲ್ಲಿ ಇನ್ನೇನೂ ಇಟ್ಟುಕೊಳ್ಳಬೇಡ ಅನ್ನುವುದು ಮೇಷ್ಟ್ರ ಪಾಠ.

ಏಳಾಯಿತು. ನನ್ನ ಹಳೇ ಸ್ಟಾಪ್‌ವಾಚಿನ ಗುಂಡಿ ಒತ್ತಿ ನಡೆಯತೊಡಗಿದೆ. 20 ಹೆಜ್ಜೆ ಇಟ್ಟಿದ್ದೆ, ಮುಳ್ಳು 10.6ಕ್ಕೆ ಬಂತು. ನಿಂತೆ. ಮಗ ತುಂಬಾ ದೂರದಲ್ಲಿ ಚಿಕ್ಕದಾಗಿ ಕಾಣುತ್ತಿದ್ದ. ಹೆರಾಲ್ಡ್ ಅಷ್ಟರಲ್ಲಿ ಅಲ್ಲಿ ತಲುಪಿ, ಎದೆಗೆ ಟೇಪು ಹರಿದುಕೊಂಡಿದ್ದ. ಶೋಲ್ಜ್ ಎರಡನೆಯವನು, ಪೊರಿಟ್ ಮೂರನೆಯವನು. ನೂರು ಮೀಟರಿನ ಓಟವನ್ನು ಸಾವಿರಾರು ಸಲ ಅಳೆದವಳು ನಾನು. ಅಷ್ಟು ಕಡಿಮೆ ಹೊತ್ತು ಅಂತ ಅವತ್ತೇ ಕಾಲಿಗೆ ಗೊತ್ತಾಗಿದ್ದು.

ಹೆರಾಲ್ಡ್ ಮತ್ತು ಪೊರಿಟ್ ಆಮೇಲೆ ಪ್ರತಿ ವರ್ಷ ಜುಲೈ 7ರ ಸಂಜೆ ಏಳು ಗಂಟೆಗೆ ಜೊತೆಯಲ್ಲಿ ಊಟ ಮಾಡುತ್ತಿದ್ದರು, ಹೆರಾಲ್ಡ್ ಇರುವ ತನಕ. ಪೊರಿಟ್ ಡಾಕ್ಟರಾಗಿ, ಕೊನೆಗೆ ನ್ಯೂಜಿಲೆಂಡಿನ ಗವರ್ನರ್ ಜನರಲ್ ಆದರು. ನಾವೂ ಅವತ್ತು ಸ್ಟೇಷನ್ ಹತ್ತಿರದ ಒಂದು ಚಿಕ್ಕ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಸಸ್ಯಾಹಾರ ಅಂದಿದ್ದಕ್ಕೆ ಆಲೂಗಡ್ಡೆ, ಸೊಪ್ಪು, ಬ್ರೆಡ್ಡು ಕೊಟ್ಟರು. ಚೆನ್ನಾಗಿತ್ತು.

ಒಂದು ಮಾತು. ಆ ಪ್ಯಾರಿಸ್ ಕೂಟದ ಟ್ರ್ಯಾಕಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ಓಟವೂ ಇರಲಿಲ್ಲ. ಅದಕ್ಕೆ 1928ರ ಆಮ್‌ಸ್ಟರ್‌ಡ್ಯಾಮ್ ಬರಬೇಕಾಯಿತು.

ಜುಲೈ 8, ಮಂಗಳವಾರ

ವಾಪಸ್ ಲಂಡನ್. ರೈಲಿನಲ್ಲಿ ನಿದ್ದೆ.

ಜುಲೈ 9, ಬುಧವಾರ: ಗ್ರೇಟ್ ಆಮ್ವೆಲ್

ಲಿವರ್‌ಪೂಲ್ ಸ್ಟ್ರೀಟಿನಿಂದ ರೈಲು ಹಿಡಿದು ಸೇಂಟ್ ಮಾರ್ಗರೆಟ್ಸ್‌ನಲ್ಲಿ ಇಳಿದು ನಡೆದೆವು. ಗ್ರೇಟ್ ಆಮ್ವೆಲ್ ಒಂದು ಚಿಕ್ಕ ಹಳ್ಳಿ. ಕೆಳಗೆ ನ್ಯೂ ರಿವರ್ ಅನ್ನುವ ಕಾಲುವೆ. 1613ರಿಂದ ಲಂಡನ್ನಿಗೆ ಕುಡಿಯುವ ನೀರು ಒಯ್ಯುತ್ತಿದೆ. ಹೆಸರು ಮಾತ್ರ ಹೊಸದು. ಮೇಲೆ ಗುಡ್ಡದ ಮೇಲೆ ಸೇಂಟ್ ಜಾನ್ ಚರ್ಚು. ಹೆರಾಲ್ಡನ ಸಮಾಧಿ ಅಲ್ಲಿದೆ.

ಪ್ಯಾರಿಸ್ ಮುಗಿದ ಮೇಲೆ ಅವನಿಗೆ ಓಡಲು ಸಿಕ್ಕಿದ್ದು ಒಂದು ವರ್ಷವೂ ಇಲ್ಲ. ಅವನು ಉದ್ದ ಜಿಗಿತದಲ್ಲೂ ಗಟ್ಟಿಗ. 1924ರಲ್ಲಿ 7.38 ಮೀಟರ್ ಜಿಗಿದು ಮಾಡಿದ ಇಂಗ್ಲೆಂಡಿನ ದಾಖಲೆ 30 ವರ್ಷಕ್ಕೂ ಜಾಸ್ತಿ ಉಳಿಯಿತು. ಒಲಿಂಪಿಕ್ಸ್‌ನಲ್ಲಿ ಜಿಗಿತಕ್ಕೂ ಹೆಸರು ಹಾಕಿದಾಗ, ಅಬ್ರಹಾಮ್ಸ್‌ಗೆ ಅಷ್ಟೊಂದು ಸ್ಪರ್ಧೆ ಬೇಡ ಅಂತ ತಾನೇ ಹೆಸರು ಮರೆಸಿ ಪತ್ರಿಕೆಗೆ ಪತ್ರ ಬರೆದಿದ್ದ. 1925ರ ಮೇ ತಿಂಗಳಲ್ಲಿ ಅದೇ ಜಿಗಿತದಲ್ಲಿ ಕಾಲು ಮುರಿಯಿತು. ಓಟ ಅಲ್ಲಿಗೆ ಮುಗಿಯಿತು. 25 ವರ್ಷ ವಯಸ್ಸು.

ಆಮೇಲಿನ ಐವತ್ತು ವರ್ಷ ಅವನು ಮೈದಾನ ಬಿಡಲಿಲ್ಲ. ಪತ್ರಿಕೆಗೆ ಬರೆದ, ಬಿಬಿಸಿ ರೇಡಿಯೋದಲ್ಲಿ ಕಾಮೆಂಟರಿ ಹೇಳಿದ. 1936ರಲ್ಲಿ ಬರ್ಲಿನ್‌ಗೂ ಹೋದ. ಹಿಟ್ಲರನ ಊರಿಗೆ ಯಹೂದಿ ಮನೆಯ ಮಗ ಹೋಗಬೇಕಿತ್ತಾ ಅನ್ನುವ ಪ್ರಶ್ನೆ ನನಗೂ ಚುಚ್ಚುತ್ತದೆ. ಬಹಿಷ್ಕಾರ ಬೇಡ ಅನ್ನುವವರ ಕಡೆ ಅವನಿದ್ದ. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಅಲ್ಲಿ 1500 ಮೀಟರ್ ಓಟದಲ್ಲಿ ಗೆಳೆಯ ಜಾಕ್ ಲವ್‌ಲಾಕ್ 3 ನಿಮಿಷ 47.8 ಸೆಕೆಂಡಿನ ವಿಶ್ವ ದಾಖಲೆ ಮಾಡಿ ಗೆಲ್ಲುವಾಗ, ಕಾಮೆಂಟರಿ ಮರೆತು "ಬಾ ಜಾಕ್, ಬಾ" ಅಂತ ಕೂಗಿಬಿಟ್ಟಿದ್ದ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರಲ್ಲ, ಅವತ್ತು ಬಿಬಿಸಿ ರೇಡಿಯೋದಲ್ಲಿ ಆ ಓಟದ ಕಾಮೆಂಟರಿ ಹೇಳಿದ್ದು ಹೆರಾಲ್ಡ್. ಈ ಒಂದು ವಿಷಯ ಗೊತ್ತಾದ ದಿನವೇ ನಾನು ಅವನನ್ನು ನಮ್ಮವನು ಅಂದುಕೊಂಡದ್ದು. ತನ್ನ ಓಟ ನಿಂತ ಮೇಲೆ ಬೇರೆಯವರ ಓಟವನ್ನು ಊರಿಗೆಲ್ಲ ಹೇಳುವುದಕ್ಕೆ ದೊಡ್ಡ ಮನಸ್ಸು ಬೇಕು.

ಸಮಾಧಿ ಹುಡುಕಲು ಅರ್ಧ ಗಂಟೆ ಹಿಡಿಯಿತು. ಹಾವಸೆ ಹಿಡಿದ ಕಲ್ಲುಗಳು, ಮೊಣಕಾಲುದ್ದ ಹುಲ್ಲು. ಮಗನಿಗೇ ಮೊದಲು ಕಂಡದ್ದು. "ಅಮ್ಮ, ಇಲ್ಲಿ!" ಹೆಂಡತಿ ಸಿಬಿಲ್ ಜೊತೆ ಮಣ್ಣಾಗಿದ್ದಾನೆ. ಅವರು ಹಾಡುಗಾರ್ತಿ, 1936ರಲ್ಲಿ ಮದುವೆ, 1963ರಲ್ಲಿ ತೀರಿಕೊಂಡರು. ಹೆರಾಲ್ಡ್ 1978ರ ಜನವರಿ 14ರಂದು ಹೋದ.

ಉದುರಿದ ಎಲೆಗಳನ್ನು ಕೈಯಲ್ಲಿ ಸರಿಸಿದೆ. ದಾರಿಯಲ್ಲಿ ಕಿತ್ತುಕೊಂಡು ಬಂದಿದ್ದ ಬಿಳಿ ಹೂವು ಇಟ್ಟೆ. ಮಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ, "ಆ ಹುಡುಗಿ ಈಗ ಎಲ್ಲಿದ್ದಾಳಮ್ಮ? 200 ಮೀಟರ್ ಹುಡುಗಿ?"

"ಪಕ್ಕದ ತಾಲ್ಲೂಕಿನ ಹೈಸ್ಕೂಲಿನಲ್ಲಿ. ಅವಳೂ ಪಿ.ಟಿ. ಟೀಚರ್."

"ಫೋನ್ ಮಾಡೋಣ್ವಾ?"

ಊರಲ್ಲಿ ಆಗ ಸಂಜೆ ಐದೂವರೆ. ಮೈದಾನದಲ್ಲೇ ಇದ್ದಳು ಅನ್ನಿಸುತ್ತೆ, ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. "ಹೇಳಿ ಮಿಸ್, ಒಂದು ನಿಮಿಷ ಮಿಸ್, ಇವನೊಬ್ಬನದು ಟೈಮ್ ತಗೊಂಡುಬಿಡ್ತೀನಿ" ಅಂದಳು. ನಾನು ಫೋನ್ ಕಿವಿಗೆ ಒತ್ತಿಕೊಂಡು ಕಾದೆ. ಸೀಟಿ ಕೇಳಿಸಿತು.